ವಿಮಾನಪುರದ ಆಕಾಶದಲ್ಲಿ ಹಿಗ್ಗಿದ ಕಾಲ

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಪೂರ್ವ ದಿಕ್ಕು ಹೆಸರಿಗೆ ತಕ್ಕ ದಂಡಾಗಿತ್ತು. ಹಲಸೂರು ಕೆರೆಯ ಬದಿಗೆ ಮದ್ರಾಸ್ ಸ್ಯಾಪರ್ಸ್‌ನ ಬ್ಯಾರಕ್ಕುಗಳು. ಬ್ಲ್ಯಾಕ್‌ಪಲ್ಲಿ ಎನಿಸಿಕೊಳ್ಳುತ್ತಿದ್ದ ಇಂದಿನ ಶಿವಾಜಿನಗರದ ಬೀದಿಗಳಲ್ಲಿ ಸೋಲ್ಜರುಗಳ ಓಡಾಟ. ದಂಡು ರೈಲು ನಿಲ್ದಾಣದಲ್ಲಿ ಹತ್ತುವ ಇಳಿಯುವ ಸೈನಿಕರು. ಇಂದಿರಾನಗರ ಇನ್ನೂ ಯಾರ ನಕ್ಷೆಯಲ್ಲೂ ಇರಲಿಲ್ಲ. ದೊಮ್ಮಲೂರು ದಾಟಿದರೆ ಹೊಲ, ಹೊಲ ದಾಟಿದರೆ ಇಂದಿನ ವಿಮಾನಪುರದ ವಿಮಾನ ಕಾರ್ಖಾನೆ.

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಅದು. ಜಪಾನೀಯರು ಬರ್ಮಾದವರೆಗೆ ನುಗ್ಗಿ ಬಂದ ಮೇಲೆ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ರಿಪೇರಿ ಡಿಪೊ ಆಯಿತು. ಈಶಾನ್ಯದ ರಣರಂಗದಿಂದ ಮುರಿದು ಬಂದ ವಿಮಾನಗಳು ಇಲ್ಲಿ ದುರಸ್ತಿಯಾಗಿ ಮತ್ತೆ ಹಾರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೈನಾ ವಿಮಾನಗಳಿಗೆ ಬೆಳ್ಳಂದೂರು ಕೆರೆಯೇ ರನ್‌ವೇ. ಆ ಕೆರೆಯನ್ನು ಇಂದು ನೊರೆಗಾಗಿ ಮಾತ್ರ ಬಲ್ಲವರಿಗೆ ಇದನ್ನು ನಂಬುವುದು ಕಷ್ಟವಾದೀತು.

ಅಮೆರಿಕನ್ನರ ಹಾರಾಟಗಳಲ್ಲಿ ಕೆಲವಕ್ಕೆ ಯುದ್ಧದೊಂದಿಗೆ ಏನೂ ಸಂಬಂಧವಿರಲಿಲ್ಲ. ಅವು ಹೊತ್ತೊಯ್ದದ್ದು ಗೈಗರ್ ಕೌಂಟರುಗಳನ್ನು ಮತ್ತು ಸೀಸದ ದಿಮ್ಮಿಗಳನ್ನು. ಬೆಂಗಳೂರಿನ ಮೇಲೆ ಸುಮಾರು 30,000 ಅಡಿಯವರೆಗೆ ಏರಿ, ಆಕಾಶದಿಂದ ಸುರಿಯುವ ಒಂದು ವಿಚಿತ್ರ ಕಣವನ್ನು ಎಣಿಸಿ ಬರುವುದು ಅವುಗಳ ಕೆಲಸ. ಈ ಸಾಮಾನನ್ನು ವಿಮಾನಕ್ಕೆ ಏರಿಸಲು ಅಮೆರಿಕನ್ನರನ್ನು ಒಪ್ಪಿಸಿದವರು ಊರಿನ ಇನ್ನೊಂದು ತುದಿಯ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಪ್ರಾಧ್ಯಾಪಕರು. ಹೆಸರು ಹೋಮಿ ಭಾಭಾ, ವಯಸ್ಸು ಮೂವತ್ತೈದರ ಆಸುಪಾಸು. ಎಣಿಸಬೇಕಾದ ಕಣ ಬರೀ ಕಣವಲ್ಲ, ಅದೊಂದು ಗಡಿಯಾರವೂ ಹೌದು ಎಂದು ಕೆಲವು ವರ್ಷಗಳ ಹಿಂದೆ ಜಗತ್ತಿಗೆ ಹೇಳಿದ್ದವರೂ ಅವರೇ.

ವೇಗವಾಗಿ ಚಲಿಸುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ ಎಂದು ಐನ್‌ಸ್ಟೈನ್ ಬರೆದದ್ದು 1905ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯ ಗುಮಾಸ್ತನಾಗಿದ್ದಾಗ. ಗಡಿಯಾರದ ಸ್ಪ್ರಿಂಗು ಕೆಟ್ಟದ್ದರಿಂದಲ್ಲ, ಕಾಲವೇ ಹಾಗೆ ಎಂಬುದು ಆತನ ವಾದ. ಗಣಿತದಲ್ಲಿ ಒಪ್ಪಿದವರು ಬಹಳ ಮಂದಿ. ಕಣ್ಣಾರೆ ಕಂಡವರು ಯಾರೂ ಇಲ್ಲ. ಕಾಣುವುದಾದರೂ ಹೇಗೆ? ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಹೋಗುವ ಇಂದಿನ ಮೆಟ್ರೋ ರೈಲಿನ ಚಾಲಕಿಯೊಬ್ಬರು ದಿನಕ್ಕೆ ಎಂಟು ಗಂಟೆಯಂತೆ ಮೂವತ್ತು ವರ್ಷ, ಎಲ್ಲೂ ನಿಲ್ಲದೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ರೈಲು ಓಡಿಸಿದರು ಎಂದೇ ಇಟ್ಟುಕೊಳ್ಳಿ. ಪ್ಲಾಟ್‌ಫಾರಂನಲ್ಲಿ ನಿಂತ ಸಹೋದ್ಯೋಗಿಗಿಂತ ಅವರ ಕಾಲ ಹಿಂದೆ ಬೀಳುವುದು ಒಂದು ಮೈಕ್ರೊಸೆಕೆಂಡಿಗೂ ಕಡಿಮೆ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಇಲ್ಲ. ಪರಿಣಾಮ ಎದ್ದು ಕಾಣಬೇಕಾದರೆ ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಓಡುವ ಗಡಿಯಾರ ಬೇಕು. ಅಂಥದ್ದನ್ನು ಮನುಷ್ಯ ಮಾಡಿರಲಿಲ್ಲ.

ಪ್ರಕೃತಿ ಮಾಡಿ ಇಟ್ಟಿತ್ತು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಏರಿ ವಿಶ್ವಕಿರಣಗಳನ್ನು ಪತ್ತೆಹಚ್ಚಿದ ಮೇಲೆ ಮೇಲಿನಿಂದ ಬರುವುದೇನು ಎಂಬ ಹುಡುಕಾಟ ನಡೆದೇ ಇತ್ತು. 1936-37ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ನೆಡರ್‌ಮೇಯರ್ ಎಲೆಕ್ಟ್ರಾನಿಗಿಂತ ಸುಮಾರು ಇನ್ನೂರು ಪಟ್ಟು ಭಾರದ ಕಣವೊಂದನ್ನು ಅದರಲ್ಲಿ ಕಂಡರು. ಅದನ್ನು ಆಗ ಮೆಸೋಟ್ರಾನ್ ಎಂದರು, ಆಮೇಲೆ ಮೆಸಾನ್ ಎಂದರು; ಈಗ ನಾವು ಮ್ಯೂವಾನ್ ಎನ್ನುತ್ತೇವೆ. ಜಪಾನಿನ ಯುಕಾವಾ 1935ರಲ್ಲೇ ಊಹಿಸಿದ್ದ ಕಣ ಇದೇ ಎಂದು ಎಲ್ಲರೂ ಭಾವಿಸಿದರು. ಅದು ತಪ್ಪೆಂದು ತಿಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಆದರೆ ಆ ತಪ್ಪಿನಿಂದ ಒಂದು ಒಳ್ಳೆಯ ಕೆಲಸ ಆಯಿತು. ಯುಕಾವಾನ ಕಣ ಹೆಚ್ಚು ಕಾಲ ಬಾಳದೆ ತಾನಾಗಿಯೇ ಒಡೆಯಬೇಕು. ಹಾಗಾದರೆ ಈ ಕಣವೂ ಒಡೆಯಲೇಬೇಕಲ್ಲ ಎಂದು ಕೇಂಬ್ರಿಜ್‌ನಲ್ಲಿದ್ದ ಭಾಭಾ ಯೋಚಿಸಿದರು.

1938ರ ಜನವರಿಯ ‘ನೇಚರ್’ ಪತ್ರಿಕೆಯಲ್ಲಿ ಅವರ ಪುಟ್ಟ ಟಿಪ್ಪಣಿ ಬಂತು. ಅದರ ಮುಖ್ಯ ವಿಷಯ ಪರಮಾಣು ಬೀಜದ ಬಲಗಳು. ಕಾಲದ ಮಾತು ಅದರೊಳಗೆ ದಾರಿಯಲ್ಲಿ ಸಿಕ್ಕ ಸಂಗತಿಯಂತೆ ಬರುತ್ತದೆ: ತಾನಾಗಿ ಒಡೆಯುವ ಕಣವನ್ನು ಗಡಿಯಾರವೆಂದೇ ಎಣಿಸಬಹುದು, ಹಾಗಾಗಿ ಅದು ಚಲಿಸುತ್ತಿದ್ದರೆ ಒಡೆಯಲು ಹೆಚ್ಚು ಹೊತ್ತು ಹಿಡಿಯಬೇಕು, ಇದಕ್ಕೆ ಸಾಪೇಕ್ಷತಾ ಸಿದ್ಧಾಂತದ ಹೊರತು ಬೇರೆ ಆಧಾರ ಬೇಡ. ಇಷ್ಟೇ. ಲೆಕ್ಕವಿಲ್ಲ, ಗ್ರಾಫ್ ಇಲ್ಲ, ಅಬ್ಬರವೂ ಇಲ್ಲ. ಭೌತವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಪ್ರಯೋಗವೊಂದನ್ನು ತೋರಿಸಿಕೊಟ್ಟ ಉದಾಹರಣೆಗಳು ವಿರಳ.

ಈ ಮಾತಿನ ತೂಕ ತಿಳಿಯಲು ಸ್ವಲ್ಪ ಲೆಕ್ಕ ಬೇಕು. ನಿಂತ ಮ್ಯೂವಾನಿನ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಓಡುವುದು ಸುಮಾರು 660 ಮೀಟರ್ ಮಾತ್ರ, ದೊಮ್ಮಲೂರಿನ ಮೇಲ್ಸೇತುವೆಯಿಂದ ಹೊರಟರೆ ವಿಮಾನ ನಿಲ್ದಾಣದ ಗೇಟೂ ಸಿಗದು. ಮ್ಯೂವಾನುಗಳು ಹುಟ್ಟುವುದೋ ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ, ಅಲ್ಲಿಂದ ಹೊರಟ ನೂರಾರು ಕೋಟಿ ಮ್ಯೂವಾನುಗಳಲ್ಲಿ ಒಂದು ನೆಲ ಮುಟ್ಟುವುದೂ ಅನುಮಾನ. ವಾಸ್ತವದಲ್ಲಿ ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಅವು ಬೀಳುತ್ತಲೇ ಇವೆ. ಈ ಪುಟ ಓದುವವರ ಅಂಗೈ ಮೇಲೂ. ನೆಲ ಮುಟ್ಟುವ ಸಾಧಾರಣ ಮ್ಯೂವಾನಿನ ಕಾಲ ನಮ್ಮ ಕಾಲಕ್ಕಿಂತ ಮೂವತ್ತು ನಲವತ್ತು ಪಟ್ಟು ನಿಧಾನ. ಅದರ ಎರಡು ಮೈಕ್ರೊಸೆಕೆಂಡ್ ಎಂದರೆ ನಮ್ಮ ಎಂಬತ್ತು.

(ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದ ಕಕುದ್ಮಿ ರಾಜನ ಕಥೆ ಈ ಹಂತದಲ್ಲಿ ಕೆಲವರಿಗೆ ನೆನಪಾದೀತು. ಕಥೆ ಸೊಗಸಾಗಿದೆ. ಅದರಲ್ಲಿ ವೇಗದ ಲೆಕ್ಕವಿಲ್ಲ.)

ಭಾಭಾ ಬರೆದದ್ದನ್ನು ಲೆಕ್ಕಕ್ಕೆ ಇಳಿಸಿದವರು ಜರ್ಮನಿಯಲ್ಲಿ ಹಾನ್ಸ್ ಆಯ್ಲರ್ ಮತ್ತು ಹೈಸನ್‌ಬರ್ಗ್, ಅದೇ 1938ರಲ್ಲಿ. ಕಣದ ಆಯಸ್ಸು ಎರಡು ಮೂರು ಮೈಕ್ರೊಸೆಕೆಂಡ್ ಇರಬೇಕು ಎಂಬ ಅವರ ಅಂದಾಜು ಗುರಿಗೆ ಬಹಳ ಹತ್ತಿರ ಬಿದ್ದಿತ್ತು. ಆಯ್ಲರ್ ಆಮೇಲೆ ಜರ್ಮನ್ ವಾಯುಪಡೆ ಸೇರಿ 1941ರಲ್ಲಿ ರಷ್ಯಾದ ರಣರಂಗದಲ್ಲಿ ವಿಮಾನದೊಂದಿಗೇ ಕಾಣೆಯಾದರು. ಪ್ರಯೋಗ ಮಾಡಿ ತೋರಿಸಿದವರು ಬ್ರೂನೊ ರಾಸಿ. ಇವರನ್ನೂ ಯುದ್ಧಕಾಲದ ಯೂರೋಪು ಬಿಡಲಿಲ್ಲ. ಯಹೂದಿ ಎಂಬ ಕಾರಣಕ್ಕೆ 1938ರಲ್ಲಿ ಮುಸೊಲಿನಿಯ ಕಾನೂನು ಅವರನ್ನು ಪಡುವಾದ ಪ್ರಾಧ್ಯಾಪಕ ಹುದ್ದೆಯಿಂದ ಕಿತ್ತು ಹಾಕಿತು. ಅಮೆರಿಕ ಸೇರಿದ ರಾಸಿ, ಡೇವಿಡ್ ಹಾಲ್ ಜೊತೆ ಕೊಲರಾಡೊದ ಬೆಟ್ಟದ ಮೇಲಿನ ಎಕೊ ಲೇಕ್‌ನಲ್ಲೂ ಕೆಳಗಿನ ಡೆನ್ವರ್ ನಗರದಲ್ಲೂ ಕೌಂಟರುಗಳನ್ನಿಟ್ಟು ಎಣಿಸಿದರು. ಎರಡರ ನಡುವೆ ಎತ್ತರದಲ್ಲಿ ಸುಮಾರು 1,600 ಮೀಟರ್ ವ್ಯತ್ಯಾಸ. 1941ರ ಅವರ ಫಲಿತಾಂಶ ಹೀಗಿತ್ತು: ನಿಧಾನದ ಕಣಗಳು ದಾರಿಯಲ್ಲಿ ವೇಗದ ಕಣಗಳಿಗಿಂತ ಸುಮಾರು ಮೂರು ಪಟ್ಟು ಬೇಗ ಒಡೆಯುತ್ತಿದ್ದವು. ಹೆಚ್ಚು ವೇಗ, ಹೆಚ್ಚು ಆಯಸ್ಸು. ಐನ್‌ಸ್ಟೈನನ ಸೂತ್ರ ಹೇಳಿದ ಪ್ರಮಾಣದಲ್ಲೇ.

ಮೊದಲಿಗ ಯಾರು ಎಂಬ ತಕರಾರು ಇಲ್ಲಿಂದ ಹುಟ್ಟುತ್ತದೆ. 1938ರಲ್ಲೇ ಬೆಲ್ ಲ್ಯಾಬ್‌ನ ಐವ್ಸ್ ಮತ್ತು ಸ್ಟಿಲ್‌ವೆಲ್ ವೇಗದ ಹೈಡ್ರೋಜನ್ ಪರಮಾಣುಗಳ ಬೆಳಕಿನಲ್ಲಿ ಕಾಲ ನಿಧಾನವಾಗುವುದನ್ನು ಅಳೆದಿದ್ದರು. ತಮಾಷೆ ಏನೆಂದರೆ ಐವ್ಸ್‌ಗೆ ಸಾಪೇಕ್ಷತಾ ಸಿದ್ಧಾಂತ ಕಂಡರಾಗುತ್ತಿರಲಿಲ್ಲ. ತನ್ನ ಪ್ರಯೋಗ, ಬೆಳಕು ಈಥರ್ ಎಂಬ ಮಾಧ್ಯಮದಲ್ಲಿ ಸಾಗುತ್ತದೆಂಬ ಹಳೆಯ ವಾದವನ್ನು ಎತ್ತಿಹಿಡಿಯುತ್ತದೆ ಎಂದೇ ಕೊನೆಯವರೆಗೂ ವಾದಿಸಿದ. ಇನ್ನು ರಾಸಿಯ ಪ್ರಯೋಗದ ಬಗೆಗೂ ಇತಿಹಾಸಕಾರರು ಒಂದು ಪ್ರಶ್ನೆ ಎತ್ತುತ್ತಾರೆ: ಅವರು ಪರೀಕ್ಷಿಸಿದ್ದು ಐನ್‌ಸ್ಟೈನನನ್ನೋ, ಅಥವಾ ಐನ್‌ಸ್ಟೈನ್ ಸರಿಯೆಂದು ಒಪ್ಪಿಕೊಂಡು ಕಣ ಒಡೆಯುತ್ತದೆಂಬುದನ್ನೋ? ಮೊದಮೊದಲು ಅವರ ಗುರಿ ಎರಡನೆಯದೇ ಆಗಿತ್ತು. ಆದರೆ ಎರಡು ಬೇರೆ ಬೇರೆ ವೇಗದ ಗುಂಪುಗಳನ್ನು ಹೋಲಿಸಿದ ಕ್ಷಣದಿಂದ ಅದು ಕಾಲದ ಪರೀಕ್ಷೆಯೂ ಆಯಿತು. ಈ ತಕರಾರಿನಲ್ಲಿ ಭಾಭಾ ಅವರ ಟಿಪ್ಪಣಿ ಹೆಚ್ಚಾಗಿ ಅಡಿಟಿಪ್ಪಣಿಗೆ ಇಳಿದುಹೋಗುತ್ತದೆ. ಅದು ಅನ್ಯಾಯ. ಏನನ್ನು ಅಳೆಯಬೇಕು ಎಂದು ಹೇಳಿಕೊಟ್ಟವನ ಪಾಲು ಅಳೆದವನ ಪಾಲಿಗಿಂತ ಕಡಿಮೆಯೇನಲ್ಲ.

ರಾಸಿ ಬೆಟ್ಟ ಹತ್ತಿದ ಹೊತ್ತಿಗೆ ಭಾಭಾ ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದವರು; ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಗಿ ಕೇಂಬ್ರಿಜ್‌ಗೆ ಮರಳುವ ದಾರಿ ಮುಚ್ಚಿತು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗದಲ್ಲಿ ರೀಡರ್ ಹುದ್ದೆ ಸಿಕ್ಕಿತು. ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಲ್ಲಿ ವಿಶ್ವಕಿರಣ ಸಂಶೋಧನಾ ಘಟಕವೊಂದು ಎದ್ದಿತು. ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಬಿ.ಎಸ್. ಮಾಧವರಾವ್ ಭಾಭಾ ಜೊತೆ ಮೆಸಾನುಗಳ ಮೇಲೆ ಪ್ರಬಂಧ ಬರೆದರು. ಯುದ್ಧದ ದೆಸೆಯಿಂದಲೇ ಕೇಂಬ್ರಿಜ್ ಬಿಟ್ಟು ಬಂದ ಇನ್ನೊಬ್ಬ ಹುಡುಗ ವಿಕ್ರಮ್ ಸಾರಾಭಾಯ್ ಇಲ್ಲೇ ಕೌಂಟರುಗಳನ್ನು ಜೋಡಿಸಿ, 1942ರಲ್ಲಿ ವಿಶ್ವಕಿರಣಗಳ ಮೇಲೆ ತನ್ನ ಮೊದಲ ಪ್ರಬಂಧ ಪ್ರಕಟಿಸಿದ.

ಬೆಂಗಳೂರೇ ಏಕೆ ಬೇಕಿತ್ತು? ಭೂಮಿಯ ಕಾಂತಕ್ಷೇತ್ರದ ದೃಷ್ಟಿಯಿಂದ ಈ ಊರು ಸಮಭಾಜಕಕ್ಕೆ ತೀರ ಹತ್ತಿರ, ಆಗಿನ ಎಣಿಕೆಯಲ್ಲಿ ಕೇವಲ 3.3 ಡಿಗ್ರಿ ಉತ್ತರ. ಇಲ್ಲಿ ಕಡಿಮೆ ಶಕ್ತಿಯ ವಿಶ್ವಕಿರಣಗಳನ್ನು ಕಾಂತಕ್ಷೇತ್ರ ಆಚೆಗೆ ತಿರುಗಿಸಿಬಿಡುತ್ತದೆ. ಸುಮಾರು 15 ಶತಕೋಟಿ ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚಿನ ಗಟ್ಟಿ ಕಣಗಳಿಗೆ ಮಾತ್ರ ಪ್ರವೇಶ. ಈ ಕಾರಣಕ್ಕೇ ಕ್ಯಾಲಿಫೋರ್ನಿಯಾದ ಮಿಲಿಕನ್, ನೆಹರ್ ಮತ್ತು ಪಿಕರಿಂಗ್ ತಂಡ 1939-40ರ ಚಳಿಗಾಲದಲ್ಲಿ ಪೆಷಾವರ, ಆಗ್ರಾಗಳ ಜೊತೆ ಬೆಂಗಳೂರಿನಿಂದಲೂ ಬಲೂನು ಹಾರಿಸಿತ್ತು. ಆದರೆ ಅವರ ಉಪಕರಣ ಎಲ್ಲ ಬಗೆಯ ಕಿರಣಗಳನ್ನೂ ಒಟ್ಟಿಗೆ ಅಳೆಯುತ್ತಿತ್ತು. ಮೆಸಾನುಗಳನ್ನೇ ಬೇರೆಯಾಗಿ ಎಣಿಸುವುದು ಭಾಭಾಗೆ ಬೇಕಿತ್ತು.

ಅದರ ಉಪಾಯ ಸರಳ. ಕಂಚಿನದೋ ತಾಮ್ರದದೋ ಕೊಳವೆಗಳಂಥ ಗೈಗರ್ ಕೌಂಟರುಗಳನ್ನು ಒಂದರ ಮೇಲೊಂದು ಸಾಲಾಗಿ ಕಟ್ಟಿ, ನಡುವೆ ಸೀಸದ ದಪ್ಪ ಹಲಗೆಗಳನ್ನು ಇಡುವುದು. ಎಲೆಕ್ಟ್ರಾನುಗಳು ಸೀಸದಲ್ಲಿ ಸಿಡಿದು ಸುಸ್ತಾಗುತ್ತವೆ. ಹೇಗೆ ಸಿಡಿಯುತ್ತವೆಂಬ ಸಿದ್ಧಾಂತವನ್ನು 1937ರಲ್ಲಿ ಹೈಟ್ಲರ್ ಜೊತೆ ಕೊಟ್ಟವರೂ ಭಾಭಾರೇ. ಮೆಸಾನು ಸೀಸವನ್ನು ತೂರಿಕೊಂಡು ನೇರ ಕೆಳಗಿನ ಕೊಳವೆಗೂ ತಲುಪುತ್ತದೆ. ಎಲ್ಲ ಕೊಳವೆಗಳೂ ಒಂದೇ ಕ್ಷಣದಲ್ಲಿ ‘ಟಿಕ್’ ಎಂದರೆ ಒಂದು ಮೆಸಾನು ಹಾದುಹೋಯಿತೆಂದು ಲೆಕ್ಕ. ಈ ಸರಂಜಾಮನ್ನು ಹೆಚ್ಚಿನ ವೋಲ್ಟೇಜಿನ ವಿದ್ಯುತ್ತು ಸಮೇತ, ಗಾಳಿ ತೆಳುವಾದ, ಕೊರೆಯುವ ಚಳಿಯ ಎತ್ತರಕ್ಕೆ, ಗಡಗಡ ನಡುಗುವ ಯುದ್ಧವಿಮಾನದಲ್ಲಿ ಒಯ್ಯಬೇಕು. ಎಸ್.ವಿ. ಚಂದ್ರಶೇಖರ ಅಯ್ಯ, ಹೊಟೆಕೊ ಮತ್ತು ಸಕ್ಸೇನಾ ಈ ಕೆಲಸದಲ್ಲಿ ಭಾಭಾಗೆ ಹೆಗಲು ಕೊಟ್ಟರು. ನಾಲ್ವರ ಹೆಸರಿನ ಪ್ರಬಂಧ 1945ರಲ್ಲಿ ‘ಫಿಸಿಕಲ್ ರಿವ್ಯೂ’ನಲ್ಲಿ ಬಂತು. ಮೆಸಾನುಗಳ ಸಂಖ್ಯೆಯ ಮೇಲೂ ಅಕ್ಷಾಂಶದ ಪರಿಣಾಮ ಉಂಟು ಎಂಬುದನ್ನು ಅಮೆರಿಕದ ಉತ್ತರ ಭಾಗದಲ್ಲಿ ಸಿಕ್ಕ ಎಣಿಕೆಗಳೊಂದಿಗೆ ಬೆಂಗಳೂರಿನದನ್ನು ಹೋಲಿಸಿ ಅದು ತೋರಿಸಿತು.

ಈ ಹಾರಾಟಗಳು ಐನ್‌ಸ್ಟೈನ್ ಸರಿಯೇ ತಪ್ಪೇ ಎಂದು ನೋಡಲು ಹೊರಟವಲ್ಲ. ಆ ವೇಳೆಗೆ ಅದು ಇತ್ಯರ್ಥವಾಗಿತ್ತು. ಆದರೆ 30,000 ಅಡಿಯಲ್ಲಿ ಎಣಿಸಿದ ಸಂಖ್ಯೆಗೂ ಮಲ್ಲೇಶ್ವರದ ಅಂಚಿನ ಪ್ರಯೋಗಶಾಲೆಯಲ್ಲಿ ಎಣಿಸಿದ ಸಂಖ್ಯೆಗೂ ತಾಳೆ ಹಾಕಬೇಕಾದರೆ, ನಡುದಾರಿಯಲ್ಲಿ ಎಷ್ಟು ಮೆಸಾನುಗಳು ಒಡೆದವು ಎಂಬ ಲೆಕ್ಕ ಬೇಕೇಬೇಕು. ಆ ಲೆಕ್ಕಕ್ಕೆ ಹಿಗ್ಗಿದ ಕಾಲ ಬೇಕು. ಕೇಂಬ್ರಿಜ್‌ನಲ್ಲಿ ಊಹೆಯಾಗಿದ್ದದ್ದು ಏಳೇ ವರ್ಷಗಳಲ್ಲಿ ವಿಮಾನಪುರದ ಮೇಲೆ ದಿನಬಳಕೆಯ ಸಲಕರಣೆಯಾಗಿತ್ತು.

ಭಾಭಾ ಬೆಂಗಳೂರಿನಲ್ಲಿ ನಿಲ್ಲಲಿಲ್ಲ. 1944ರ ಮಾರ್ಚ್ 12ರಂದು ಟಾಟಾ ಟ್ರಸ್ಟಿಗೆ ಅವರು ಬರೆದ ಪತ್ರದಿಂದ ಹುಟ್ಟಿದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) 1945ರ ಜೂನ್‌ನಲ್ಲಿ ಶುರುವಾದದ್ದು ಟಾಟಾ ಇನ್‌ಸ್ಟಿಟ್ಯೂಟಿನ ಅಂಗಳದಲ್ಲೇ. ವರ್ಷ ಮುಗಿಯುವುದರೊಳಗೆ ಬಾಂಬೆಗೆ ಹೋಯಿತು. ಬೆಂಗಳೂರಿಗೆ ಅದು ನಷ್ಟವೇ. ಸಂಸ್ಥೆ ಬಾಂಬೆಗೆ ಹೋದರೂ ಅದರ ಮ್ಯೂವಾನ್ ಬೇಟೆ ಮಾತ್ರ ತಿರುಗಿ ಇದೇ ಪೂರ್ವ ದಿಕ್ಕಿಗೆ ಬಂತು. ದಂಡು ನಿಲ್ದಾಣದಿಂದ ಕೆ.ಆರ್. ಪುರ, ವೈಟ್‌ಫೀಲ್ಡ್, ಬಂಗಾರಪೇಟೆ ದಾಟಿ ರೈಲು ಮಾರಿಕುಪ್ಪಂ ತಲುಪುತ್ತದೆ. ಅಲ್ಲಿ 2001ರವರೆಗೆ ಕೋಲಾರದ ಚಿನ್ನದ ಗಣಿ ನಡೆಯುತ್ತಿತ್ತು. 1951ರಲ್ಲಿ ಬಿ.ವಿ. ಶ್ರೀಕಂಠನ್ ಗಣಿಗೆ ಇಳಿದು ಮ್ಯೂವಾನುಗಳನ್ನು ಎಣಿಸತೊಡಗಿದರು. ನಂಜನಗೂಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದ ಅವರು ಮುಂದೆ ಟಿಐಎಫ್‌ಆರ್‌ನ ನಿರ್ದೇಶಕರಾದರು. ಎರಡು ಕಿಲೋಮೀಟರ್ ಬಂಡೆಯನ್ನು ಕೊರೆದು ಇಳಿಯುವ ಮ್ಯೂವಾನಿಗೆ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೂ ಸಾಲದು. ಆ ಶಕ್ತಿಯ ಮ್ಯೂವಾನಿನ ಕಾಲ ನಮ್ಮದಕ್ಕಿಂತ ಒಂಬತ್ತು ಸಾವಿರ ಪಟ್ಟಿಗೂ ಹೆಚ್ಚು ನಿಧಾನ. ಅದು ಸಾಯುವುದರೊಳಗೆ ಭೂಮಿಯ ತ್ರಿಜ್ಯದಷ್ಟು ದೂರ ಓಡಬಲ್ಲದು. ಅದನ್ನು ನಿಲ್ಲಿಸುವುದು ಮುಪ್ಪಲ್ಲ, ಬಂಡೆ. ಆಳಕ್ಕೆ ಹೋದಂತೆ ಎಣಿಕೆ ಇಳಿಯುತ್ತ, 1960ರ ದಶಕದ ಆರಂಭದಲ್ಲಿ ಅತಿ ಆಳದಲ್ಲಿ ಒಂದೂ ಮ್ಯೂವಾನ್ ಸಿಗದಂತಾಯಿತು. ಹಾಗೆ ಸದ್ದಡಗಿದ ಜಾಗದಲ್ಲೇ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊ ಸಿಕ್ಕಿತು.

ಕಣಗಳ ಮಟ್ಟದಲ್ಲಿ ಇತ್ಯರ್ಥವಾದರೂ ಗಡಿಯಾರಗಳ ಬಗ್ಗೆ ಹೊರಗೆ ಇನ್ನೂ ಜಗಳ ನಡೆದಿತ್ತು. ಹೋಗಿ ಬಂದ ಗಡಿಯಾರ ನಿಜಕ್ಕೂ ಹಿಂದೆ ಬೀಳುತ್ತದೆಯೇ ಎಂದು ಇಂಗ್ಲೆಂಡಿನ ಹರ್ಬರ್ಟ್ ಡಿಂಗಲ್ 1950ರ ದಶಕದಿಂದ ಪತ್ರಿಕೆಗಳಲ್ಲಿ ಕಾದಾಡಿದರು. 1971ರಲ್ಲಿ ಹಫೇಲ್ ಮತ್ತು ಕೀಟಿಂಗ್ ಪರಮಾಣು ಗಡಿಯಾರಗಳಿಗೆ ಮಾಮೂಲು ಪ್ರಯಾಣಿಕರ ವಿಮಾನಗಳಲ್ಲಿ ಸೀಟು ಕಾದಿರಿಸಿ ಭೂಮಿ ಸುತ್ತಿಸಿದರು. ಪೂರ್ವಕ್ಕೆ ಹೋದವು 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದವು 273 ಮುಂದೆ ಓಡಿದವು. 1977ರಲ್ಲಿ ಸರ್ನ್ ಪ್ರಯೋಗಾಲಯ ಮ್ಯೂವಾನುಗಳನ್ನು ಉಂಗುರದಲ್ಲಿ ಸುತ್ತಿಸಿ ಅವುಗಳ ಆಯಸ್ಸು 64 ಮೈಕ್ರೊಸೆಕೆಂಡ್ ದಾಟುವುದನ್ನು ತೋರಿಸಿತು. ಸೂತ್ರಕ್ಕೂ ಅಳತೆಗೂ ಸಾವಿರಕ್ಕೆ ಒಂದೆರಡು ಪಾಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅಲ್ಲಿಗೆ ಜಗಳ ಮುಗಿಯಿತು ಎನ್ನಬಹುದು.

ಬೆಂಗಳೂರಿನ ಪಾಲಿಗೆ ಕಥೆ ಇನ್ನೊಂದು ಬಾಗಿಲಿನಿಂದ ಮರಳಿ ಬಂತು. ಸಾರಾಭಾಯ್ ಅಹಮದಾಬಾದಿಗೆ ಹೋಗಿ ವಿಶ್ವಕಿರಣದ ಕೆಲಸ ಮುಂದುವರಿಸಿದರು. ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಅಲ್ಲಿ ಅವರ ಶಿಷ್ಯರಾಗಿ ವಿಶ್ವಕಿರಣಗಳ ಮೇಲೆಯೇ ಡಾಕ್ಟರೇಟ್ ಪಡೆದು, ಆಮೇಲೆ ರಾಸಿ ಪ್ರಾಧ್ಯಾಪಕರಾಗಿದ್ದ ಎಂಐಟಿಗೆ ಹೋಗಿ ಬಂದರು. ಇದೇ ರಾವ್ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದರು. 1975ರ ಏಪ್ರಿಲ್ 19ರಂದು ಅದು ಹಾರಿತು. ಅವರು ಬೆಳೆಸಿದ ಉಪಗ್ರಹ ಕೇಂದ್ರ ನೆಲೆ ನಿಂತದ್ದು ಹಳೇ ಏರ್‌ಪೋರ್ಟ್ ರಸ್ತೆಯ ವಿಮಾನಪುರದಲ್ಲಿ, ಅದೇ ಹಳೆಯ ವಿಮಾನ ಕಾರ್ಖಾನೆಯ, ಇಂದಿನ ಎಚ್‌ಎಎಲ್‌ನ, ಮಗ್ಗುಲಲ್ಲೇ. ಇಂದು ಅದಕ್ಕೆ ಅವರದೇ ಹೆಸರು.

ನಮ್ಮದೇ ಜಿಪಿಎಸ್ ಎನ್ನಬಹುದಾದ ನಾವಿಕ್ ಉಪಗ್ರಹಗಳು ರೂಪುಗೊಂಡದ್ದು ಇಲ್ಲಿ. ಇಂಥ ಉಪಗ್ರಹ ಎಂದರೆ ಮೂಲತಃ ಆಕಾಶದಲ್ಲಿ ತೂಗುಹಾಕಿದ ಗಡಿಯಾರ. ಸಂಕೇತ ಹೊರಟ ಹೊತ್ತು, ತಲುಪಿದ ಹೊತ್ತು ಇವೆರಡರ ಅಂತರದಿಂದಲೇ ಮೊಬೈಲು ಜಾಗ ತಿಳಿಯುತ್ತದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಸುತ್ತುವುದರಿಂದ ಆ ಗಡಿಯಾರ ದಿನಕ್ಕೆ ಸುಮಾರು 4.5 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಅಲ್ಲಿ ಗುರುತ್ವ ಕಡಿಮೆ. ಐನ್‌ಸ್ಟೈನನ ಎರಡನೆಯ, ಅಂದರೆ ಸಾಮಾನ್ಯ ಸಾಪೇಕ್ಷತಾ, ಸಿದ್ಧಾಂತದಂತೆ ಅದರಿಂದ 51 ಮೈಕ್ರೊಸೆಕೆಂಡಿನಷ್ಟು ಮುಂದೆ ಓಡುತ್ತದೆ. ಕೂಡಿ ಕಳೆದರೆ ದಿನಕ್ಕೆ 46-47 ಮೈಕ್ರೊಸೆಕೆಂಡ್ ಮುಂದೆ. ಸರಿಪಡಿಸದೆ ಬಿಟ್ಟರೆ, ಬೆಳಕಿನ ವೇಗದಲ್ಲಿ ಅದು ಒಂದೇ ದಿನಕ್ಕೆ ಸುಮಾರು 14 ಕಿಲೋಮೀಟರಿನ ತಪ್ಪು. ಸಮಯದ ಉಸ್ತುವಾರಿಗೆ ರಾಮನಗರ ದಾರಿಯ ಬ್ಯಾಲಾಳುವಿನಲ್ಲಿ ಕೇಂದ್ರವಿದೆ.

ಗಡಿಯಾರಗಳೇ ಕೈಕೊಟ್ಟದ್ದು ಈ ಕಥೆಯ ಕಹಿ ಅಧ್ಯಾಯ. 2013ರ ಜುಲೈನಲ್ಲಿ ಹಾರಿದ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ನಿಂತವು. ಅವು ವಿದೇಶದಿಂದ ತಂದವು. ಅದರ ಬದಲಿಗೆಂದು, ಇಂದಿರಾನಗರದ ಖಾಸಗಿ ಕಂಪನಿ ಆಲ್ಫಾ ಡಿಸೈನ್ ಜೊತೆಗೂಡಿ ಜೋಡಿಸಿದ ಉಪಗ್ರಹ 2017ರ ಆಗಸ್ಟ್ 31ರಂದು ರಾಕೆಟ್ಟಿನ ತಲೆಗವಚ ಬಿಚ್ಚಿಕೊಳ್ಳದೆ ಒಳಗೇ ಉಳಿಯಿತು. ಸ್ವದೇಶಿ ಪರಮಾಣು ಗಡಿಯಾರ ಹೊತ್ತ ಎನ್‌ವಿಎಸ್-01 ಕಕ್ಷೆ ಸೇರಿದ್ದು 2023ರ ಮೇ 29ರಂದು. ಅದರ ಮುಂದಿನದು, ಎನ್‌ವಿಎಸ್-02, 2025ರ ಜನವರಿ 29ರಂದು ಶ್ರೀಹರಿಕೋಟದ ನೂರನೆಯ ಉಡಾವಣೆಯಾಗಿ ಹೊರಟಿತು. ಕಕ್ಷೆ ಎತ್ತರಿಸುವ ಎಂಜಿನ್‌ಗೆ ಉತ್ಕರ್ಷಕ ಬಿಡುವ ಕವಾಟ ತೆರೆಯಲಿಲ್ಲ. ಉಪಗ್ರಹ ದುಂಡನೆಯ ಕಕ್ಷೆಗೆ ಏರದೆ ಉದ್ದನೆಯ ಅಂಡಾಕಾರದಲ್ಲೇ ಸುತ್ತುವಂತಾಯಿತು. ಭೂಮಿಯ ಹತ್ತಿರ ಬಂದಾಗ ವೇಗ ಹೆಚ್ಚಿ ಅದರ ಕಾಲ ನಿಧಾನ, ದೂರ ಹೋದಾಗ ಅದೇ ಕಾಲ ಚುರುಕು. ದಾರಿ ತೋರಿಸುವ ಕೆಲಸಕ್ಕೆ ಆ ಕಕ್ಷೆ ಹೊಂದುವುದಿಲ್ಲ.